ಕಬ್ಬಿನ ಗದ್ದೆಗೆ ಕ್ವಾಂಟಮ್ ಬಂತು

ಕಳೆದ ತಿಂಗಳು ಮಂಡ್ಯದಲ್ಲಿ ಕಬ್ಬು ಬೆಳೆಗಾರರಿಗೆ ಅಂತಲೇ ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. ಊಟ ಇದೆ ಅಂತ ನಾನು ಹೋದೆ. ಕಟಾವಿನ ಪರ್ಮಿಟ್ ವಿಷಯ ಹೇಳ್ತಾರೇನೋ ಅಂತ ಸೋದರಮಾವ ಬಂದರು. ಅವರ ಕಬ್ಬಿಗೆ ಹದಿನಾಲ್ಕು ತಿಂಗಳಾಗಿದೆ. ಸೂಲಂಗಿ ಬಂದು ಒಣಗುತ್ತಿದೆ.

ಬ್ಯಾನರಿನ ಒಂದು ಕಡೆ ಕಬ್ಬಿನ ಜಲ್ಲೆ, ಇನ್ನೊಂದು ಕಡೆ ಚಿನ್ನದ ಬಣ್ಣದ ಯಂತ್ರ. ಅಂಬಾರಿಯನ್ನು ತಲೆಕೆಳಗಾಗಿ ನೇತುಹಾಕಿದ ಹಾಗಿತ್ತು. ಅದು ಕಂಪ್ಯೂಟರ್ ಅಲ್ಲ, ಅದರ ಫ್ರಿಜ್ಜು ಅಂತ ಆಮೇಲೆ ಗೊತ್ತಾಯಿತು. ಒಳಗೆ ಹೆಚ್ಚು ಕಡಿಮೆ ಮೈನಸ್ 273 ಡಿಗ್ರಿ ಚಳಿ ಇರಬೇಕಂತೆ. "ನಮ್ ಪಂಪ್‌ಸೆಟ್ಟಿಗೆ ಕರೆಂಟ್ ಬರೋದೇ ಅರ್ಧ ರಾತ್ರೀಲಿ. ಇದನ್ನ ಎಲ್ಲಿಡ್ತಾರಂತ್ಲಾ?" ಎಂದರು ಮಾವ.

ಮುಖ್ಯ ಅತಿಥಿಗಳು ಬೆಂಗಳೂರಿನಿಂದ ಬರಬೇಕಿತ್ತು. 2023ರಲ್ಲಿ ಹೆದ್ದಾರಿ ಉದ್ಘಾಟನೆ ಆದಾಗ ಮೈಸೂರಿಗೆ 75 ನಿಮಿಷ ಸಾಕು ಅಂದಿದ್ದರಲ್ವಾ? ಇವರು ಮೈಸೂರಿಗಿಂತ ಈಚೆ ಇರುವ ಮಂಡ್ಯಕ್ಕೇ ಮೂರು ಗಂಟೆ ತೆಗೆದುಕೊಂಡರು. ಅದರಲ್ಲಿ ಎರಡು ಗಂಟೆ ಕೆಂಗೇರಿ ದಾಟುವುದಕ್ಕೆ.

ಬಂದವರೇ ಶುರು ಮಾಡಿದರು. 2024ರ ಡಿಸೆಂಬರಿನಲ್ಲಿ ಗೂಗಲ್ ತನ್ನ ವಿಲ್ಲೋ ಚಿಪ್ ತೋರಿಸಿತು. ಅದರಲ್ಲಿ 105 ಕ್ಯೂಬಿಟ್, ಅಂದರೆ ಕ್ವಾಂಟಮ್ ಕಂಪ್ಯೂಟರ್ ಲೆಕ್ಕಕ್ಕೆ ಬಳಸುವ ಬಿಡಿ ಘಟಕ. ಸೂಪರ್ ಕಂಪ್ಯೂಟರಿಗೆ ಒಂದರ ಮುಂದೆ 25 ಸೊನ್ನೆ ಹಾಕಿದಷ್ಟು ವರ್ಷ ಹಿಡಿಯುವ ಲೆಕ್ಕ ಐದೇ ನಿಮಿಷದಲ್ಲಿ ಮುಗೀತು! ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಮಾವ ಎದ್ದು ನಿಂತರು. "ಅಲ್ಲ ಸ್ವಾಮಿ, ಅದೇನ್ ಲೆಕ್ಕ ಮಾಡ್ತು?"

ಅತಿಥಿಗಳು ನೀರು ಕುಡಿದರು. ಮನಸ್ಸಿಗೆ ಬಂದ ಹಾಗೆ ಜೋಡಿಸಿದ ಸರ್ಕ್ಯೂಟನ್ನು ಓಡಿಸಿ, ಏನು ಬಂತು ಅಂತ ಬರೆದುಕೊಳ್ಳುವ ಕೆಲಸ ಅದು. ಮಾಮೂಲಿ ಕಂಪ್ಯೂಟರಿಗೆ ಕಷ್ಟ ಅಂತಲೇ ಅದನ್ನು ಆರಿಸಿದ್ದು. ಉತ್ತರದಿಂದ ಯಾರ ಮನೆ ಒಲೆಯೂ ಉರಿಯುವುದಿಲ್ಲ.

"ಅಂದ್ರೆ ಇಸ್ಪೀಟ್ ಕಲೆಸಿ, ಯಾವ್ ಎಲೆ ಬಂತು ಅಂತ ಬರ್ಕೊಂಡಂಗೆ."

"ಒಂಥರಾ ಹಾಗೇ ಅನ್ನಿ ಯಜಮಾನ್ರೇ."

"ಮತ್ತೆ ಆಟ ಆಡೋದ್ ಯಾವಾಗ?"

ವಿಜ್ಞಾನಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಷರತ್ತುಗಳನ್ನೆಲ್ಲ ಬರೆದೇ ಇರುತ್ತಾರೆ. ಫ್ಯಾಕ್ಟರಿಗೆ ಹೋಗುವ ಟ್ರಾಕ್ಟರಿನಿಂದ ಹುಡುಗರು ಜಲ್ಲೆ ಎಳೆದುಕೊಳ್ಳುವ ಹಾಗೆ, ವೇದಿಕೆ ತಲುಪುವಷ್ಟರಲ್ಲಿ ಒಂದೊಂದೇ ಷರತ್ತು ಕಾಣೆಯಾಗಿರುತ್ತದೆ. 1994ರಲ್ಲಿ ಗಣಿತಜ್ಞ ಪೀಟರ್ ಶೋರ್ ಕಂಡುಹಿಡಿದ ಕ್ವಾಂಟಮ್ ವಿಧಾನ ಬ್ಯಾಂಕಿನ ಗುಟ್ಟಿನ ಬೀಗ ಒಡೆಯಬಲ್ಲದು ಅನ್ನುವುದು ನಿಜ. ಅದಕ್ಕೆ ಹತ್ತು ಲಕ್ಷದ ಹತ್ತಿರ ಕ್ಯೂಬಿಟ್ ಬೇಕು ಅಂತ 2025ರ ಒಂದು ಅಂದಾಜು. ಸದ್ಯಕ್ಕೆ ಚಪ್ಪಾಳೆ ಬಿದ್ದಿರುವುದು 105ಕ್ಕೆ.

ಇನ್ನೊಂದು ಕತೆ ನನಗೆ ಬಲು ಇಷ್ಟ. ಗಿರಾಕಿಗೆ ಯಾವ ಸಿನಿಮಾ ಹಿಡಿಸಬಹುದು ಅಂತ ಹೇಳುವ ಕ್ವಾಂಟಮ್ ವಿಧಾನವೊಂದಿತ್ತು. ಮಾಮೂಲಿ ಕಂಪ್ಯೂಟರಿಗೆ ಆ ವೇಗ ಆಗೋದಿಲ್ಲ ಅಂತ ಸಾಬೀತು ಮಾಡು ಎಂದು ಗುರುಗಳು ಇವಿನ್ ಟ್ಯಾಂಗ್ ಎಂಬ ವಿದ್ಯಾರ್ಥಿಗೆ ಕೆಲಸ ಕೊಟ್ಟರು. 2018ರಲ್ಲಿ, 18ನೇ ವಯಸ್ಸಿಗೆ, ಟ್ಯಾಂಗ್ ತೋರಿಸಿದ್ದು ಉಲ್ಟಾ: ಮಾಮೂಲಿ ಕಂಪ್ಯೂಟರಿಗೂ ಹೆಚ್ಚು ಕಡಿಮೆ ಆಗುತ್ತೆ!

ಇದನ್ನು ಅತಿಥಿಗಳು ಹೇಳಲಿಲ್ಲ. ಅವರು ಗ್ರೋವರ್ ವಿಧಾನಕ್ಕೆ ಹಾರಿದರು. 1996ರದ್ದು. ಅಡ್ಡಾದಿಡ್ಡಿ ಬಿದ್ದಿರುವ ಪಟ್ಟಿಯಲ್ಲೂ ರೈತನ ಹೆಸರು ಥಟ್ ಅಂತ ಸಿಗುತ್ತದೆ ಎಂದರು. ಪಟ್ಟಿಯನ್ನು ಮೊದಲು ಯಂತ್ರದೊಳಗೆ ತುಂಬಬೇಕಲ್ಲ, ತುಂಬುವಾಗ ಪ್ರತಿ ಹೆಸರನ್ನೂ ಮುಟ್ಟಲೇಬೇಕಲ್ಲ? ಅದೇ ಕೆಂಗೇರಿ.

ಊಟ ಚೆನ್ನಾಗಿತ್ತು. ಪರ್ಮಿಟ್ ಮಾತು ಯಾರೂ ಎತ್ತಲಿಲ್ಲ. ಹೊರಡುವಾಗ ಸರ್ಟಿಫಿಕೇಟ್ ಕೊಡುತ್ತೇವೆ ನಿಲ್ಲಿ ಎಂದರು. 200 ಸರ್ಟಿಫಿಕೇಟು, ಒಂದೇ ಗುಡ್ಡೆ. ಹುಡುಗನೊಬ್ಬ ಒಂದೊಂದಾಗಿ ತಿರುವುತ್ತಿದ್ದ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಗ್ರೋವರ್ ಆಗಿದ್ದರೆ ಸುಮಾರು 11 ಸಲ ನೋಡಿದರೆ ಸಾಕು. ಮಾವನಿಗೂ ಹೇಳಿದೆ.

"ಅಕ್ಷರದ ಪ್ರಕಾರ ಜೋಡ್ಸಿಟ್ಟಿದ್ರೆ?" ಎಂದರು.

ಮತ್ತೆ ಲೆಕ್ಕ ಹಾಕಿದೆ. ನಡುವೆ ತೆಗೆದು, ಆಚೆಯೋ ಈಚೆಯೋ ನೋಡುತ್ತಾ ಹೋದರೆ, 8.

ಅಷ್ಟರಲ್ಲಿ ಫ್ಯಾನ್ ಗಾಳಿಗೆ ಗುಡ್ಡೆ ಹಾರಿತು. ಹುಡುಗ ಎಲ್ಲವನ್ನೂ ಬಾಚಿಕೊಂಡು ಮೊದಲಿನಿಂದ ಶುರು ಮಾಡಿದ.