ಕೇದಾರದ ಬಂಡೆಯ ಬಾಯಲ್ಲಿ ನಾವಿಟ್ಟ ಮಾತು

2013ರ ಜೂನ್ 17ರ ಬೆಳಿಗ್ಗೆ ಕೇದಾರನಾಥದ ಮೇಲಿದ್ದ ಚೋರಾಬಾರಿ ಸರೋವರದ ದಂಡೆ ಒಡೆದು, ನೀರು, ಕೆಸರು, ಬಂಡೆಗಲ್ಲುಗಳೆಲ್ಲ ಒಟ್ಟಾಗಿ ಊರಿನ ಮೇಲೆ ನುಗ್ಗಿದವು. ದೇವಸ್ಥಾನದ ಹಿಂಬದಿಗೆ ಉರುಳಿಬಂದು ನಿಂತ ಭಾರಿ ಬಂಡೆಯೊಂದು ಪ್ರವಾಹವನ್ನು ಎರಡಾಗಿ ಸೀಳಿದ್ದರಿಂದ ಗುಡಿ ಉಳಿಯಿತು; ಸುತ್ತಲಿನ ಅಂಗಡಿ, ವಸತಿಗೃಹಗಳು ಕೊಚ್ಚಿಹೋದವು. ಉತ್ತರಾಖಂಡದ ಆ ದುರಂತದಲ್ಲಿ ಸತ್ತವರು ಮತ್ತು ಕಾಣೆಯಾಗಿ ಸತ್ತರೆಂದೇ ಪರಿಗಣಿಸಲ್ಪಟ್ಟವರು 5,000ಕ್ಕೂ ಹೆಚ್ಚು. ಆ ಬಂಡೆ ಈಗ ಭೀಮಶಿಲೆ. ಅದಕ್ಕೂ ಪೂಜೆ ಸಲ್ಲುತ್ತದೆ. ದೇವರಿದ್ದಾನೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ ಎಂಬ ಒಕ್ಕಣೆಯೊಂದಿಗೆ ಅದರ ಚಿತ್ರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇಂದಿಗೂ ಸುತ್ತುತ್ತಿರುತ್ತದೆ.

ನಾನು ದೇವರನ್ನು ನಂಬುವವನು. ಆದ್ದರಿಂದಲೇ ಈ ಸಾಕ್ಷಿ ನನ್ನನ್ನು ಕಂಗೆಡಿಸುತ್ತದೆ. ಆ ಒಂದು ಬಂಡೆ ನಿಂತದ್ದು ಶಿವನ ಆಜ್ಞೆಯಿಂದ ಎಂದಾದರೆ, ಉಳಿದ ಬಂಡೆಗಳು ಉರುಳಿದ್ದು ಯಾರ ಆಜ್ಞೆಯಿಂದ? ನೆಂಟರನ್ನು ಹೊಳೆಯ ಪಾಲು ಮಾಡಿ ತನ್ನ ಮನೆಯ ಗೋಡೆಯನ್ನು ಮಾತ್ರ ಕಾಪಾಡಿಕೊಂಡ ಯಜಮಾನನನ್ನು ನಾವು ಯಾವ ಬಾಯಿಂದ ಹೊಗಳುತ್ತೇವೆ? ಅಂದು ದೇವರು ಮೌನವಾಗಿದ್ದ ಎಂದು ಒಪ್ಪಿಕೊಳ್ಳುವುದು ಕಷ್ಟ, ನಿಜ. ಆದರೆ ಮಾತನಾಡಿದ, ಅದೂ ಗುಡಿಯ ಪರವಾಗಿ ಮಾತ್ರ ಮಾತನಾಡಿದ ಎನ್ನುವುದು ನನ್ನ ಮಟ್ಟಿಗೆ ಅದಕ್ಕಿಂತ ಘೋರವಾದದ್ದು.

ಆ ಮೌನದಲ್ಲಿ ಕೋಪದ ಮಾತನ್ನು ಕೇಳಿಸಿಕೊಂಡವರೂ ಇದ್ದರು. ಜಲವಿದ್ಯುತ್ ಯೋಜನೆಗಾಗಿ ಉತ್ತರಾಖಂಡದಲ್ಲಿ ಅಲಕನಂದಾ ನದಿಯ ದಂಡೆಯ ಧಾರಿದೇವಿಯ ಮೂರ್ತಿಯನ್ನು ಮೂಲಸ್ಥಾನದಿಂದ ಎತ್ತಿದ್ದು ಜೂನ್ 16ರ ಸಂಜೆ. ದೇವಿ ಮುನಿದಳು ಎಂಬ ಮಾತು ಕೂಡಲೇ ಹಬ್ಬಿತು. ಈ ಚಪಲ ದೊಡ್ಡವರನ್ನೂ ಬಿಟ್ಟಿಲ್ಲ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯ ವಿಷಯದಲ್ಲಿ ಅವರ ಜೊತೆಗೇ ಇದ್ದ ರವೀಂದ್ರನಾಥ ಠಾಕೂರರು, ಪ್ರಕೃತಿಯ ಉತ್ಪಾತಕ್ಕೆ ಭೌತಿಕ ಕಾರಣಗಳಷ್ಟೇ ಇರುತ್ತವೆ ಎಂದು ಬಹಿರಂಗವಾಗಿ ಪ್ರತಿಭಟಿಸಿದರು. ನಾನು ಠಾಕೂರರ ಕಡೆ. ದಲಿತರ ಗುಡಿಸಲನ್ನೂ ಬಿಡದ ಭೂಕಂಪ ಅಸ್ಪೃಶ್ಯತೆಗೆ ಶಿಕ್ಷೆಯಾಗುವುದು ಹೇಗೆಂದು ನನಗಂತೂ ಇಂದಿಗೂ ಅರ್ಥವಾಗಿಲ್ಲ.

ಕೇದಾರ ನಮಗೆ ದೂರದ ಊರೇನಲ್ಲ. ಅದು ವೀರಶೈವರ ಪಂಚಪೀಠಗಳಲ್ಲೊಂದು; ಅಲ್ಲಿನ ರಾವಲರೂ (ಮುಖ್ಯ ಗುರುಗಳು) ಅರ್ಚಕರೂ ಪರಂಪರೆಯಿಂದ ಕರ್ನಾಟಕದವರು. ನಮ್ಮ ಓಣಿಯ ಹಿರಿಯರೊಬ್ಬರು ಆ ಜೂನ್‌ನಲ್ಲಿ ಅಲ್ಲಿಗೆ ಹೋದವರು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಮಾತನಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಕೇದಾರದಾಗ ಲಿಂಗೈಕ್ಯ ಆದ್ರು, ಇಂಥ ಸಾವು ಯಾರಿಗೆ ಸಿಗ್ತೈತ್ರಿ?" ಗೋಡೆಗೊರಗಿ ಕುಳಿತಿದ್ದ ಅವರ ಹೆಂಡತಿ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಮಡಿಲಲ್ಲಿ ಮೊಬೈಲು ಇತ್ತು. ಚಾರ್ಜರಿನ ವೈರು ಗೋಡೆಯ ಪ್ಲಗ್ಗಿನವರೆಗೆ ಹಾಗೇ ಇತ್ತು, ಯಾವಾಗ ಕರೆ ಬರುತ್ತದೋ ಎಂದು. ಕೊನೆಗೆ ಹೇಳಿದರು: "ಅವ್ರು ಮುಕ್ತಿ ಬೇಡಾಕ ಹೋಗಿರ್ಲಿಲ್ರಿ ಅಣ್ಣಾರ. ದರ್ಶನ ಮಾಡ್ಕೊಂಡು ಬರ್ತೀನಂತ ಹೇಳಿ ಹೋಗಿದ್ರು." ಅದಾದ ಮೇಲೆ ಆ ದಿನ ಯಾರೂ ಮುಕ್ತಿಯ ಮಾತೆತ್ತಲಿಲ್ಲ.

ಸಮಾಧಾನ ಹೇಳುವವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪ್ರಾರಬ್ಧ, ಋಣಾನುಬಂಧ, ಲೀಲೆ ಎಂಬ ಮಾತುಗಳು ಹೇಳುವವನ ಭಯವನ್ನು ಇಳಿಸುತ್ತವೆ. ಕೇಳುವವರ ನೋವಿಗೆ ಮಾತ್ರ ಬೀಗ ಜಡಿಯುತ್ತವೆ. ಆ ತಾಯಿಗೆ ದೇವರೊಡನೆ ಜಗಳವಾಡುವ ಹಕ್ಕಿತ್ತು. ನಮ್ಮ ಭಕ್ತಿಪರಂಪರೆಯೇನೂ ಇದಕ್ಕೆ ಅಡ್ಡಿ ಬರುವುದಿಲ್ಲ. ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ಬಯ್ಯುವ ನಿಂದಾಸ್ತುತಿಯನ್ನು ದಾಸರು ತಂಬೂರಿ ಮೀಟಿ ಹಾಡಿದ ನಾಡು ಇದು. ದೇವರ ಪರವಾಗಿ ನಾವು ವಕಾಲತ್ತು ವಹಿಸಿ ನಡುವೆ ಬಂದರೆ ಆ ಜಗಳವೂ ಅವರ ಕೈತಪ್ಪುತ್ತದೆ.

ಕೇದಾರದಲ್ಲಿ ಪೂಜೆ ಮತ್ತೆ ಆರಂಭವಾದದ್ದು ಅದೇ ವರ್ಷದ ಸೆಪ್ಟೆಂಬರ್ 11ರಂದು. ಮೊದಲು ಗುಡಿಯ ಶುದ್ಧೀಕರಣ ನಡೆಯಿತು, ಬಳಿಕ ಪ್ರಾಯಶ್ಚಿತ್ತದ ವಿಧಿ. ನದಿಯ ಪಾತ್ರಕ್ಕೆ ಒತ್ತಿಕೊಂಡು ಕಟ್ಟಡ ಎಬ್ಬಿಸಿದ್ದಕ್ಕೆ ನಾವು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದದ್ದು ಸರಿಯೇ. ಆ ಲೆಕ್ಕ ಮನುಷ್ಯರದು, ಅದಕ್ಕೆ ದೇವರ ಉತ್ತರ ಬೇಕಿಲ್ಲ. ಆದರೆ ರಜೆಯಲ್ಲಿ ನಾಲ್ಕು ಕಾಸು ದುಡಿಯಲೆಂದು ಹೇಸರಗತ್ತೆ ಹೊಡೆದುಕೊಂಡು ಮೇಲೆ ಹೋಗಿದ್ದ ಆ ಕಣಿವೆಯ ಹುಡುಗರು ಯಾವ ತಪ್ಪಿಗೆ ಸತ್ತರು ಎಂದು ನಾನು ಶಿವನನ್ನೇ ಕೇಳುತ್ತೇನೆ. ಅವನು ಹೇಳುವವರೆಗೆ ಬೇರೆಯವರ ಉತ್ತರ ನನಗೆ ಬೇಡ.