ಟಾನಿಕ್ ಹೊಡೆಯದ ಮಡಿ

ನಮ್ಮ ಸಿಂಧನೂರು ಕಡೆ ಭತ್ತಕ್ಕೆ ಮೇಲುಗೊಬ್ಬರ ಹಾಕುವ ಹೊತ್ತಿಗೆ ಗೊಬ್ಬರದ ಅಂಗಡಿಗೆ ಹೋದರೆ ಬರೀ ಯೂರಿಯಾ ತಗೊಂಡು ವಾಪಸ್ ಬರೋದು ಕಷ್ಟ. ಜೊತೆಗೆ ಬೆಳೆಗೆ ಹೊಡೆಯುವ ಒಂದು ಟಾನಿಕ್ ಬಾಟಲಿಯೂ ಕೈಗೆ ಬಂದಿರುತ್ತದೆ. ಸಬ್ಸಿಡಿ ಇರೋದರಿಂದ 45 ಕೆಜಿ ಯೂರಿಯಾ ಚೀಲ 300 ರೂಪಾಯಿ ಒಳಗೇ ಸಿಗುತ್ತದೆ. ಬಾಟಲಿ ರೇಟು ಅದಕ್ಕಿಂತ ಜಾಸ್ತಿ. ಮೇಲೆ ತುಂಬಿದ ತೆನೆಯ ಚಿತ್ರ, ಒಳಗೆ ಕಂದು ನೀರು. ಎರಡನ್ನೂ ಒಂದೇ ವಾರದಲ್ಲಿ ಹಾಕುತ್ತಾರೆ. ಎಂಟ್ಹತ್ತು ದಿನಕ್ಕೆ ಗದ್ದೆ ಕಡು ಹಸಿರು. "ಏನ್ ಪವರ್ ಐತಪಾ ಈ ಟಾನಿಕ್ಕಿಗೆ" ಅಂತ ಕಟ್ಟೆ ಮೇಲೆಲ್ಲ ಅದೇ ಸುದ್ದಿ.

ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ ಇದೆ. ಭತ್ತ ಹಸಿರಾಗೋಕೆ ಅದೇ ಸಾಕು. ಹೆಸರು ಬಂದದ್ದು ಮಾತ್ರ ಬಾಟಲಿಗೆ.

ನಮ್ಮ ಸೋದರಮಾವ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಎಡದಂಡೆ ಕಾಲುವೆ ನೀರು ನಂಬಿ ಭತ್ತ ಬೆಳೆಯುತ್ತಾರೆ. ಹೋದ ಸಲ ಅವರು ಎಲ್ಲ ಮಡಿಗೂ ಯೂರಿಯಾ ಎರಚಿದರು. ಟಾನಿಕ್ ಹೊಡೆಯುವಾಗ ಮಾತ್ರ ನಡುವಿನ ಒಂದು ಮಡಿ ಬಿಟ್ಟರು. ಆ ಮಡಿಯ ಬದುವಿಗೆ ಒಂದು ಗೂಟ ಬಡಿದು ಹರಿದ ಟವೆಲ್ ಕಟ್ಟಿದರು. ಯಾಕೆ ಮಾವ ಅಂದರೆ, "ಹೊಡೀದಿದ್ರ ಏನಾಕ್ಕೈತಿ ನೋಡೂಣು" ಅಂದರು. ಕಟಾವಿನ ಹೊತ್ತಿಗೆ ಯಾವುದು ಟಾನಿಕ್ ಇಲ್ಲದ ಮಡಿ ಅಂತ ಹೇಳೋಕೆ ಆ ಗೂಟವನ್ನೇ ಹುಡುಕಬೇಕಾಯಿತು.

ಇದೊಂದರಿಂದ ಎಲ್ಲ ಟಾನಿಕ್ಕೂ ಸುಳ್ಳು ಅನ್ನೋಕಾಗಲ್ಲ. ಆ ಮಡಿ ತಗ್ಗಿನಲ್ಲಿದ್ದು ಮೇಲಿನ ಮಡಿಯ ಗೊಬ್ಬರ ಇಳಿದು ಬಂದಿರಬಹುದು. ಅದಕ್ಕೇ ಕೃಷಿ ವಿಜ್ಞಾನಿಗಳು ಇಂಥ ಪ್ರಯೋಗವನ್ನು ಒಂದೇ ತಾಕಿಗೆ ಬಿಡೋದಿಲ್ಲ. ಹಲವು ತಾಕುಗಳಲ್ಲಿ ಮತ್ತೆ ಮತ್ತೆ ಮಾಡುತ್ತಾರೆ, ಯಾವ ತಾಕಿಗೆ ಏನು ಅನ್ನೋದನ್ನೂ ಚೀಟಿ ಎತ್ತಿದಂತೆ ಆರಿಸುತ್ತಾರೆ. ಆದರೆ ಮೂಲ ಪ್ರಶ್ನೆ ಮಾವ ಕೇಳಿದ್ದೇ. ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು?

ದಿನನಿತ್ಯದ ಬದುಕಿಗೆ ಬೇಕಾದ ತರ್ಕದಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯಲ್ಲೇ ಇದೆ ಅಂತ ನನಗನ್ನಿಸುತ್ತದೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ನಾಗರಿಕರ ಕರ್ತವ್ಯ ಅಂತ 1976ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದಾರೆ. ಪ್ರತಿ ಫೆಬ್ರವರಿ 28ಕ್ಕೆ, ವಿಜ್ಞಾನ ದಿನದಂದು, ಶಾಲೆಗಳಲ್ಲಿ ಅದರ ಬಗ್ಗೆ ಭಾಷಣವೂ ಆಗುತ್ತದೆ. ಭಾಷಣ ಮುಗಿಸಿ ಅದೇ ಮೇಷ್ಟ್ರು ಬೋರ್‌ವೆಲ್ ಪಾಯಿಂಟ್ ತೋರಿಸೋಕೆ ತೆಂಗಿನಕಾಯಿಯವನನ್ನು ಕರೆಸುತ್ತಾರೆ. ನೀರು ಬಿದ್ದರೆ ಕಾಯಿಯ ಮಹಿಮೆ, ಬೀಳದಿದ್ದರೆ ನಮ್ಮ ಹಣೆಬರಹ. ಹತ್ತು ಮಾರು ಆಚೆ ಕೊರೆದಿದ್ದರೆ ಏನಾಗುತ್ತಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ಇರಲಿ ಬಿಡಿ.

ಮಾವ ಮಾಡಿದ್ದನ್ನು ಹಡಗಿನಲ್ಲಿ ಮಾಡಿದ ಒಬ್ಬ ಡಾಕ್ಟರ್ ಇದ್ದ. ಜೇಮ್ಸ್ ಲಿಂಡ್, ಬ್ರಿಟಿಷ್ ನೌಕಾಪಡೆಯವನು. ಆಗ ನಾವಿಕರಿಗೆ ಸ್ಕರ್ವಿ ಬಂದು ಒಸಡಲ್ಲಿ ರಕ್ತ ಸೋರುತ್ತಿತ್ತು, ಸಾಯುವವರೂ ಬಹಳ. 1747ರಲ್ಲಿ ಲಿಂಡ್ 12 ರೋಗಿಗಳನ್ನು ಒಂದೇ ಕಡೆ ಮಲಗಿಸಿ, ಒಂದೇ ಊಟ ಕೊಟ್ಟು, ಇಬ್ಬಿಬ್ಬರಿಗೆ ಒಂದೊಂದು ಮದ್ದು ಕೊಟ್ಟ. ಒಂದು ಜೋಡಿಗೆ ವಿನೆಗರ್, ಒಂದು ಜೋಡಿಗೆ ಸಮುದ್ರದ ನೀರು, ಹೀಗೆ. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಎದ್ದಿತು. ಅವರಲ್ಲೊಬ್ಬ ಆರು ದಿನಕ್ಕೇ ಕೆಲಸಕ್ಕೆ ತಯಾರು. ಲಿಂಡ್ 1753ರಲ್ಲಿ ಇದನ್ನು ಪುಸ್ತಕವಾಗಿ ಬರೆದ. ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಿ ಅಂತ ಹೇಳಿದ್ದು 1795ರಲ್ಲಿ. ಉತ್ತರ ಕೈಯಲ್ಲೇ ಇಟ್ಟುಕೊಂಡು 42 ವರ್ಷ! ನಾವು ಯಾವ ಲೆಕ್ಕ.

ಈಗ ಕಾಮಣಿ ವಿಷಯಕ್ಕೆ ಬರೋಣ. ಕಣ್ಣು ಹಳದಿಯಾದರೆ ನಮ್ಮ ಕಡೆ ಮೊದಲು ನೆನಪಾಗೋದು ಯಾವುದೋ ಹಳ್ಳಿಯಲ್ಲಿ ಬೇರು ಅರೆದು ಕೊಡುವವರು, ಇಲ್ಲವೇ ಕೈಗೆ ಬರೆ ಹಾಕುವವರು. ಎಣ್ಣೆ, ಖಾರ ಬಿಡಿ ಅಂತ ಪಥ್ಯ ಹೇಳುತ್ತಾರೆ. ಕೆಲವು ವಾರಕ್ಕೆ ಆರಾಮಾಗುತ್ತದೆ. ಆರಾಮಾದವನು ಮುಂದೆ ಇನ್ನೂ ಹತ್ತು ಜನರನ್ನು ಅಲ್ಲಿಗೆ ಕಳಿಸುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ವಾಸಿಯಾಗಿದೆ. ಆದರೆ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಅನ್ನೋ ಲಿವರ್ ಸೋಂಕು ಬಹುತೇಕರಿಗೆ ಕೆಲವು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ದೊಡ್ಡಾಸ್ಪತ್ರೆಯಲ್ಲೂ ಅದಕ್ಕೆ ಅಂತ ಬೇರೆ ಔಷಧಿ ಇಲ್ಲ. ಬೇರು ಕುಡಿಯದಿದ್ದರೂ ಅಷ್ಟೇ ದಿನ ಹಿಡಿಯುತ್ತಿತ್ತು.

ಹಾಗಾದರೆ ಕುಡಿದರೆ ಏನು ನಷ್ಟ? ನಷ್ಟ ಇದೆ. ಕಣ್ಣು ಹಳದಿಯಾಗೋದು ಒಂದೇ ಕಾರಣಕ್ಕಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿರಬಹುದು, ಹೆಪಟೈಟಿಸ್ ಬಿ ಇರಬಹುದು, ಕುಡಿತದಿಂದ ಲಿವರ್ ಹೋಗಿರಬಹುದು. ಇವರೂ ಅದೇ ಬೇರು ಕುಡಿಯುತ್ತಾರೆ, ಅದೇ ಪಥ್ಯ ಮಾಡುತ್ತಾರೆ. ವಾಸಿಯಾಗದೆ ಹೋದವರು ಕಟ್ಟೆಗೆ ಬಂದು ಅನುಭವ ಹೇಳೋದಿಲ್ಲ. ಹೇಳೋಕೆ ಬರುವವರು ಗೆದ್ದವರು ಮಾತ್ರ.

ಹಾವಿನ ವಿಷಯ ಇನ್ನೂ ಕಠಿಣ. ಮಂತ್ರ ಹಾಕಿಸಿಕೊಂಡು ಬದುಕಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಸಿಗಲೇಬೇಕು. ಯಾಕಂದರೆ ನಮ್ಮಲ್ಲಿರುವ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ. ವಿಷದ ಹಾವೂ ಕೆಲವು ಸಲ ಕಚ್ಚುತ್ತದೆ, ವಿಷ ಬಿಡೋದಿಲ್ಲ. ಕೇರೆ ಹಾವು ಕಚ್ಚಿದವನಿಗೆ ಮಂತ್ರ ಹಾಕಿದರೂ ಬದುಕುತ್ತಾನೆ, ಮಿರ್ಚಿ ಮಂಡಾಳು ತಿನ್ನಿಸಿದರೂ ಬದುಕುತ್ತಾನೆ. ಆದರೆ ಕಟ್ಟುಹಾವು ಹಾಗಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗಲ್ಲ. ಆಮೇಲೆ ರೆಪ್ಪೆ ಜೋಲುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಇಂಜೆಕ್ಷನ್ ಇದೆ. ಮಂತ್ರದವರ ಮನೆ ಜಗಲಿಯಲ್ಲಿ ಕಳೆದ ಒಂದೊಂದು ತಾಸೂ ಆ ಇಂಜೆಕ್ಷನ್ನಿಗೆ ತಡ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಕೇಸುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ನನ್ನ ಪ್ರಕಾರ ದೊಡ್ಡ ಕೆಲಸ. ಬದುಕಿದವರು, ಸತ್ತವರು ಇಬ್ಬರೂ ಲೆಕ್ಕಕ್ಕೆ ಬಂದರೆ ತಾನೇ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗೋದು?

ಇಷ್ಟು ಓದಿ ಯಾರಾದರೂ "ಇವನು ದೇವರಿಗೇ ಬಂದ" ಅಂತ ಕಮೆಂಟ್ ಹಾಕೋ ಮೊದಲು ಹೇಳಿಬಿಡುತ್ತೇನೆ. ಕೊಪ್ಪಳದ ಗವಿಮಠದ ಜಾತ್ರೆಗೆ ನಾನೂ ಹೋಗುತ್ತೇನೆ, ತೇರಿಗೆ ಉತ್ತತ್ತಿ ಎಸೆಯುತ್ತೇನೆ. ಅಲ್ಲಿ ಹೋಗೋದು ಲಾಭ ನಷ್ಟ ನೋಡೋಕೆ ಅಲ್ಲ. ಇದರಿಂದ ಇದು ವಾಸಿಯಾಗುತ್ತದೆ, ಇದು ಹಾಕಿದರೆ ಇಷ್ಟು ಇಳುವರಿ ಬರುತ್ತದೆ ಅಂತ ಯಾರಾದರೂ ದುಡ್ಡು ಕೇಳಿದಾಗ ಮಾತ್ರ ನನ್ನ ಪ್ರಶ್ನೆ ಶುರು.

ಪ್ರಶ್ನೆ ನಮ್ಮವರಿಗೆ ಬರಲ್ಲ ಅಂತಲ್ಲ. ಎಪಿಎಂಸಿಯಲ್ಲಿ ತೂಕದ ಮೇಲೆ ಕಣ್ಣು ಕೀಲಿಸಿ ನಿಲ್ಲುವ ರೈತನನ್ನು ನೋಡಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡುವವರನ್ನು ನೋಡಿ. ಅದೇ ಮನುಷ್ಯ ಮನೆಯಲ್ಲಿ ದೊಡ್ಡಪ್ಪ ಒಂದು ಮದ್ದು ಹೇಳಿದರೆ ಬಾಯಿ ಬಿಡಲ್ಲ. ಬಿಟ್ಟರೆ "ನಾಕ್ ಅಕ್ಷರ ಕಲಿತು ದೊಡ್ಡವರಿಗೇ ಎದುರು ಮಾತಾಡ್ತೀಯೇನ್ಲೇ?" ಅಂತ ಬೈಗುಳ. ಎತ್ತಿನ ಮಾಲೀಕನಿಗೆ ಪ್ರಶ್ನೆ ಕೇಳಿದರೆ ವ್ಯಾಪಾರ, ದೊಡ್ಡಪ್ಪನಿಗೆ ಕೇಳಿದರೆ ಅವಮಾನ. ಮಾವ ಅಂಗಡಿಯವನ ಜೊತೆ ವಾದಕ್ಕೇ ಇಳಿಯಲಿಲ್ಲ, ಗಮನಿಸಿ. ಬಾಟಲಿ ತಗೊಂಡರು, ನಕ್ಕರು, ಒಂದು ಮಡಿ ಬಿಟ್ಟರು.

ಪೇಟೆಯವರು, ಓದಿದವರು ನಗೋದು ಬೇಡ. ರಾಯಚೂರು, ಬಳ್ಳಾರಿಯ ಯಾವ ಸರ್ಕಲ್ಲಿನಲ್ಲಿ ನಿಂತರೂ ನೀಟ್ ಕೋಚಿಂಗಿನ ಫ್ಲೆಕ್ಸ್ ಕಾಣುತ್ತದೆ. ಸಾಲಾಗಿ ಹುಡುಗ ಹುಡುಗಿಯರ ಫೋಟೋ, ಕೆಳಗೆ ರ್‍ಯಾಂಕ್. ಇದೂ ಟಾನಿಕ್ ಬಾಟಲಿಯೇ. ಎಸ್ಸೆಸ್ಸೆಲ್ಸಿಯಲ್ಲಿ 95 ಪರ್ಸೆಂಟ್ ತಗೊಂಡವರನ್ನು ಟೆಸ್ಟ್ ಇಟ್ಟು ಆರಿಸಿ, ಫೀಸಿನಲ್ಲಿ ರಿಯಾಯಿತಿ ಕೊಟ್ಟು ಸೇರಿಸಿಕೊಂಡರೆ ಅವರಲ್ಲಿ ಕೆಲವರು ಎಲ್ಲಿ ಓದಿದ್ದರೂ ಸೀಟು ತರುತ್ತಿದ್ದರು. ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟವರ ಫೋಟೋ ಯಾವ ಫ್ಲೆಕ್ಸಿನಲ್ಲೂ ಇರಲ್ಲ. ಒಳ್ಳೆ ಮೇಷ್ಟ್ರು ಇರುವ ಕೋಚಿಂಗೂ ಇದೆ, ಇಲ್ಲ ಅನ್ನಲ್ಲ. ಆದರೆ ಫ್ಲೆಕ್ಸ್ ನೋಡಿ ಅದು ಗೊತ್ತಾಗಲ್ಲ.

ನಮ್ಮ ಅಕ್ಕನ ಮಗ ಈ ವರ್ಷ ಪಿಯುಸಿಗೆ. ಅವನ ಜೊತೆ ಒಂದು ಕಡೆ ವಿಚಾರಿಸೋಕೆ ಹೋಗಿದ್ದೆ. ಹೋದ ವರ್ಷ ಒಟ್ಟು ಎಷ್ಟು ಜನ ಸೇರಿದ್ದರು, ಅದರಲ್ಲಿ ಎಷ್ಟು ಜನಕ್ಕೆ ಸೀಟು ಸಿಕ್ಕಿತು ಅಂತ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ನಗುತ್ತಲೇ ಇನ್ನೊಂದು ಪಾಂಪ್ಲೆಟ್ ಕೊಟ್ಟಳು, "ಇದ್ರಾಗ ಎಲ್ಲಾ ಐತ್ರಿ ಸರ್". ಅದರಲ್ಲೂ ಬರೀ ಫೋಟೋ. ಈ ಎರಡು ನಂಬರ್ ಕೊಡುವ ಸಂಸ್ಥೆ ನಮ್ಮ ಮೂರು ಜಿಲ್ಲೆಯಲ್ಲಿ ಎಲ್ಲಾದರೂ ಇದ್ದರೆ ಕಮೆಂಟಿನಲ್ಲಿ ತಿಳಿಸಿ. ಅಡ್ಮಿಷನ್ ಮುಗಿಯೋದರೊಳಗೆ ಹೋಗಿ ಬರುತ್ತೇವೆ.