ಹಗಲಿನ ಕರೆಂಟು ಆಯ್ತು, ರಾತ್ರಿಯದ್ದು ಎಲ್ಲಿಂದ?

ಕಲ್ಲಿದ್ದಲು ಬಿಡಬೇಕು ಅಂದರೆ ನಮ್ಮ ಕಾಸರಗೋಡಿನಲ್ಲಿ ಯಾರೂ ಬೇಡ ಅನ್ನಲಿಕ್ಕಿಲ್ಲ. ಚೀಮೇನಿಗೆ ಕಲ್ಲಿದ್ದಲು ಸ್ಥಾವರ ತರುವ ಮಾತು ಬಂದಾಗ ವಿರೋಧ ಎದ್ದಿತ್ತು. ಸ್ಥಾವರ ಬರಲಿಲ್ಲ, ಒಳ್ಳೆಯದೇ ಆಯ್ತು. ಹಾಗಂತ ನಾವು ಕಲ್ಲಿದ್ದಲು ಬಿಟ್ಟೆವಾ? ಕೇರಳ ಉರಿಸುವ ಕರೆಂಟಿನ ಬಹುಪಾಲು ಹೊರಗಿನಿಂದ ಕೊಂಡದ್ದು, ಅದರಲ್ಲಿ ಕಲ್ಲಿದ್ದಲಿನದ್ದೇ ದೊಡ್ಡ ಪಾಲು. ಹೊಗೆ ಮತ್ತು ಬೂದಿ ಬೇರೆ ಊರಿನವರಿಗೆ, ಫ್ಯಾನಿನ ಗಾಳಿ ನಮಗೆ.

ಸೋಲಾರ್ ಇದೆಯಲ್ಲ ಅನ್ನುತ್ತೀರಿ. ಇದೆ. ಅಂಬಲತ್ತರದಲ್ಲಿ 50 ಮೆಗಾವ್ಯಾಟ್, ನಮ್ಮ ಪೈವಳಿಕೆಯಲ್ಲಿ ಇನ್ನೊಂದು 50. ಮನೆ ಮಾಡಿನ ಮೇಲೂ ಪ್ಯಾನೆಲ್ ಜಾಸ್ತಿಯಾಗುತ್ತಿದೆ. 3 ಕಿಲೋವ್ಯಾಟ್ ಹಾಕಿಸಿದರೆ ಕೇಂದ್ರದಿಂದ 78,000 ರೂಪಾಯಿ ಸಬ್ಸಿಡಿ. ಹಾಕಿಸಿದವರು ಸಿಕ್ಕಿದಲ್ಲೆಲ್ಲ ಒಂದೇ ಮಾತು: "ನಮ್ಮ ಕರೆಂಟು ನಾವೇ ಮಾಡಿಕೊಳ್ಳುತ್ತೇವೆ, ಬಿಲ್ಲೇ ಇಲ್ಲ."

ಬಿಲ್ಲು ತೀರಾ ಕಡಿಮೆಯಾಗುವುದು ನಿಜ. ಉಳಿದದ್ದು ಅರ್ಧ ನಿಜ. ಮಧ್ಯಾಹ್ನ ನೀವು ಲೈನಿಗೆ ಬಿಟ್ಟ ಯೂನಿಟ್ಟು ಕತ್ತಲಾಗುವವರೆಗೆ ಎಲ್ಲೂ ಕಾದು ಕೂತಿರುವುದಿಲ್ಲ. ಅದು ಆಗಲೇ ಖರ್ಚಾಗಿರುತ್ತದೆ. ರಾತ್ರಿ ಏಸಿ ಹಾಕಿದಾಗ ಬರುವುದು ವಿದ್ಯುತ್ ಬೋರ್ಡು ಬೇರೆ ಕಡೆಯಿಂದ ತಂದ ಕರೆಂಟು, ಹೆಚ್ಚಾಗಿ ದುಬಾರಿಯದ್ದು. 2024ರ ಮೇ ಶುರುವಿನ ಸೆಕೆ ನೆನಪಿದೆಯಲ್ಲ? ಆಗ ಕೇರಳದ ಬೇಡಿಕೆ 5,700 ಮೆಗಾವ್ಯಾಟ್ ದಾಟಿತು. ಅದೂ ಸೂರ್ಯ ಮುಳುಗಿದ ಮೇಲೆ. ನೆಲ ಕಾದು ರಾತ್ರಿಯೂ ತಣಿಯದಿದ್ದರೆ ಜನ ಏಸಿ ಹಾಕದೆ ಏನು ಮಾಡಿಯಾರು? ಸೆಕೆ ಜಾಸ್ತಿಯಾದಷ್ಟು ಏಸಿ, ಏಸಿ ಜಾಸ್ತಿಯಾದಷ್ಟು ಕಲ್ಲಿದ್ದಲು, ಅದರಿಂದ ಮತ್ತೆ ಸೆಕೆ. ಇಡುಕ್ಕಿಯಲ್ಲಿ 780 ಮೆಗಾವ್ಯಾಟಿನ ಜಲವಿದ್ಯುತ್ ಇದೆ, ಆದರೆ ಏಪ್ರಿಲ್ ಮೇಯಲ್ಲಿ ಡ್ಯಾಮಿನ ನೀರು ಕಡಿಮೆಯಾಗಿರುತ್ತದೆ.

ಹಾಗಾಗಿ ಈಗ ನನಗೆ ಪ್ಯಾನೆಲ್‌ಗಿಂತ ನಮ್ಮ ಜಿಲ್ಲೆಯದೇ ಮೈಲಾಟಿಯ ಬ್ಯಾಟರಿ ಯೋಜನೆ ಮುಖ್ಯವಾಗಿ ಕಾಣುತ್ತದೆ. ಒಂದು ಕಾಲದಲ್ಲಿ ಅಲ್ಲಿ ಎಣ್ಣೆ ಉರಿಸಿ ಸುಮಾರು 20 ಮೆಗಾವ್ಯಾಟ್ ಕರೆಂಟು ಮಾಡುವ ಖಾಸಗಿ ಸ್ಥಾವರ ಇತ್ತು. ಈಗ ಅದೇ ಮೈಲಾಟಿಗೆ ದೊಡ್ಡ ಬ್ಯಾಟರಿ ಘಟಕದ ಯೋಜನೆ: 125 ಮೆಗಾವ್ಯಾಟ್, ಹಗಲು ತುಂಬಿಸಿಕೊಂಡು ಕತ್ತಲಾದ ಮೇಲೆ ನಾಲ್ಕು ಗಂಟೆ ಕೊಡುವಂಥದ್ದು. ಅಂದರೆ 5 ಲಕ್ಷ ಯೂನಿಟ್. ಆ ಮೇ ತಿಂಗಳಲ್ಲಿ ರಾಜ್ಯ ಒಂದು ದಿನಕ್ಕೆ 11 ಕೋಟಿ ಯೂನಿಟ್ ಉರಿಸಿತ್ತು. ಅದರ ಮುಂದೆ ಇದು ಅರ್ಧ ಪರ್ಸೆಂಟೂ ಇಲ್ಲ. ಆದರೂ ಕಷ್ಟ ಇರುವುದು ಆ ನಾಲ್ಕು ಗಂಟೆಯದ್ದೇ ತಾನೆ? ಇಂಥದ್ದು ಹತ್ತಿಪ್ಪತ್ತು ಕಡೆ ಆಗಬೇಕು.

ಇನ್ನು ಪ್ಯಾನೆಲ್ ಹಾಕುವ ಜಾಗದ ವಿಷಯ. ನಮ್ಮ ಪದವುಗಳನ್ನು, ಅಂದರೆ ಮುರಕಲ್ಲಿನ ಬಯಲು ಗುಡ್ಡೆಗಳನ್ನು, ಸರ್ಕಾರದ ಕಾಗದದಲ್ಲಿ ಬಂಜರು ಅಂತ ಬರೆಯುವುದು ಸುಲಭ. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನ ಸಂದಿಯಲ್ಲಿ ಇಳಿದು ಕೆಳಗೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಒಸರುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಎಷ್ಟೋ ಮನೆಗಳು ಆ ನೀರನ್ನೇ ಕುಡಿದು ಬೆಳೆದವು. ಪ್ಯಾನೆಲ್ ಹಾಕಿದರೆ ಒರತೆ ನಿಂತೇಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕಂಬದ ನಡುವೆ ಮಣ್ಣು ಇದ್ದರೆ ನೀರು ಇಳಿಯುತ್ತದೆ. ಜೆಸಿಬಿ ತಂದು ಇಡೀ ಗುಡ್ಡೆಯನ್ನು ಮಟ್ಟ ಮಾಡಿದರೆ ಮಾತ್ರ ಕಷ್ಟ. ಗೇರು ತೋಟಕ್ಕೆ ಹೊಡೆದ ಎಂಡೋಸಲ್ಫಾನ್ ಮದ್ದಿನ ಕಷ್ಟ ಕಂಡ ಊರು ನಮ್ಮದು. "ಏನೂ ಆಗುವುದಿಲ್ಲ" ಅಂತ ಅಧಿಕಾರಿ ಬಂದು ಹೇಳಿದರೆ ಜನ ನಂಬುವ ಕಾಲ ಮುಗಿದಿದೆ. ಬೇಸಿಗೆಯಲ್ಲಿ ಸುರಂಗದ ನೀರನ್ನು ಮೊದಲೇ ಅಳೆದು ಬರೆದಿಟ್ಟು, ಆಮೇಲೆ ಕೆಲಸ ಶುರು ಮಾಡಲಿ.

ತೋಟಗಳ ಮೇಲೆ ಹಾದುಹೋಗುವ ಉಡುಪಿ–ಕಾಸರಗೋಡು 400 ಕೆವಿ ವಿದ್ಯುತ್ ಲೈನಿನ ಗಲಾಟೆ ಬಗ್ಗೆ ಬರೆದರೆ ಇಲ್ಲಿ ಕೆಲವರು ಬೈಯುವುದು ಖಂಡಿತ. ಬರೆಯುತ್ತೇನೆ. ಲೈನೇ ಬೇಡ ಅನ್ನುವವರ ಜೊತೆ ನಾನಿಲ್ಲ. ನಾಳೆ ತುಮಕೂರು ಜಿಲ್ಲೆಯ ಪಾವಗಡದ ಬಿಸಿಲಿನ ಕರೆಂಟು ಇಲ್ಲಿಗೆ ಬರಬೇಕಾದರೂ ತಂತಿ ಬೇಕೇ ಬೇಕು. ಆದರೆ ತಂತಿಯ ಕೆಳಗೆ 46 ಮೀಟರ್ ಅಗಲದ ಪಟ್ಟಿಯಲ್ಲಿ ಅಡಕೆ, ತೆಂಗು ಬೆಳೆಸುವ ಹಾಗಿಲ್ಲ. ಅಡಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಎಲೆಚುಕ್ಕಿ, ಕೊಳೆರೋಗ ಅಂತ ಮದ್ದು ಬಿಟ್ಟೂ ಬಿಟ್ಟೂ ಸೋತವನ ತೋಟದ ನಡುವೆ ಪಟ್ಟಿ ಎಳೆದು, ಒಂದೇ ಸಲ ದುಡ್ಡು ಕೊಟ್ಟು ಕೈ ಮುಗಿದರೆ ಅದು ನ್ಯಾಯವಾ? ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರ ಭೂಮಿಯನ್ನು ಕೊಂಡಿಲ್ಲ, ಎಕರೆಗೆ ಇಷ್ಟು ಅಂತ ವರ್ಷ ವರ್ಷ ಬಾಡಿಗೆ ಕೊಡುತ್ತಾರೆ. ಲೈನಿಗೂ ಹಾಗೆಯೇ ಕೊಡಲಿ. ತಂತಿಯಲ್ಲಿ ಕರೆಂಟು ಹರಿಯುವಷ್ಟು ವರ್ಷ ಬಾಡಿಗೆಯೂ ಬರಲಿ.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. "ನಿನ್ನ ಲೆಕ್ಕ ಸರಿ ಮಾರಾಯ, ಆದರೆ ನಿನ್ನ ತೋಟದ ಮೇಲೆ ಲೈನ್ ಹೋಗುವುದಿಲ್ಲ ಅಲ್ವಾ?" ಅಂದರು. ಹೋಗುವುದಿಲ್ಲ. ಯಾರ ತೋಟದ ಮೇಲೆ ಹೋಗುತ್ತದೋ ಅವರು ಕಮೆಂಟಿನಲ್ಲಿ ಬರೆಯಿರಿ. ವರ್ಷಕ್ಕೆ ಎಷ್ಟು ಬಾಡಿಗೆ ಕೊಟ್ಟರೆ ಒಪ್ಪುತ್ತೀರಿ? ಎಷ್ಟು ಕೊಟ್ಟರೂ ಬೇಡ ಅನ್ನುವುದಾದರೆ ಅದನ್ನೂ ಬರೆಯಿರಿ.